ಮೂರು ಮತ ಇದ್ದೂ ಒಂದೇ ಹಾಕಿ ಬರುವವರಿಗೆ

ಲಂಡನ್ನಿನ ಬರೋ ಕೌನ್ಸಿಲ್, ಅಂದರೆ ಒಂದೊಂದು ಭಾಗದ ಸ್ಥಳೀಯ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗರೂ ಮತ ಹಾಕಬಹುದು. ಕಾಮನ್‌ವೆಲ್ತ್ ಪ್ರಜೆಗಳಿಗೆ ಆ ಹಕ್ಕಿದೆ, ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೆ. ಇದು ಬಹಳಷ್ಟು ಜನಕ್ಕೆ ಗೊತ್ತು. ಗೊತ್ತಿಲ್ಲದೆ ಎಡವುವುದು ಮತಪತ್ರ ಕೈಗೆ ಬಂದ ಮೇಲೆ.

ಅಲ್ಲಿನ ಹೆಚ್ಚಿನ ವಾರ್ಡುಗಳಿಗೆ ಇಬ್ಬರು ಅಥವಾ ಮೂವರು ಸದಸ್ಯರು. ಮೂವರ ವಾರ್ಡಾದರೆ ನಿಮಗೂ ಮೂರು ಮತ. ಪತ್ರದ ಮೇಲೆಯೇ ಅದನ್ನು ಅಚ್ಚು ಹಾಕಿರುತ್ತಾರೆ. ಆದರೂ 'ನಮ್ಮ ಪಕ್ಷಕ್ಕೆ ಹಾಕಿದೆನಲ್ಲ' ಎಂದು ಒಂದೇ ಇಂಟು ಮಾರ್ಕು ಹಾಕಿ ಮಡಚಿಬಿಡುತ್ತಾರೆ. ಸ್ವಾಮಿ, ಮತ ಬೀಳುವುದು ಪಕ್ಷಕ್ಕಲ್ಲ, ಹೆಸರಿಗೆ. ಖಾಲಿ ಬಿಟ್ಟ ಚೌಕವನ್ನು ಎಣಿಸುವವರು ನಿಮ್ಮ ಪರವಾಗಿ ತುಂಬುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಪಕ್ಷಕ್ಕೆ 1,000 ಬೆಂಬಲಿಗರು, ಎದುರಾಳಿಗೆ 950. ಎದುರಾಳಿಯವರೆಲ್ಲ ಮೂರೂ ಮಾರ್ಕು ಹಾಕಿದರು. ಮೊದಲ ಪಕ್ಷದವರಲ್ಲಿ 100 ಮಂದಿ ಪತ್ರದಲ್ಲಿ ಮೇಲಿದ್ದ ಒಬ್ಬರಿಗೆ ಮಾತ್ರ ಹಾಕಿದರು. ಆ ಒಬ್ಬರಿಗೆ 1,000, ಉಳಿದಿಬ್ಬರಿಗೆ ತಲಾ 900. ಎದುರಾಳಿಯ ಮೂವರಿಗೂ ತಲಾ 950. ಹೆಚ್ಚು ಬೆಂಬಲವಿದ್ದ ಪಕ್ಷಕ್ಕೆ ಒಂದು ಸೀಟು, ಇನ್ನೊಂದಕ್ಕೆ ಎರಡು. ಹೆಸರುಗಳು ಅಕ್ಷರಕ್ರಮದಲ್ಲಿ ಇರುವುದರಿಂದ ಪೆಟ್ಟು ಸಾಮಾನ್ಯವಾಗಿ ಕೆಳಗಿದ್ದವರಿಗೇ.

ಒಬ್ಬರೇ ಗೆಲ್ಲಲಿ ಎಂದು ಬೇಕೆಂದೇ ಒಂದು ಮತ ಹಾಕಿದರೆ ಅದು ನಿಮ್ಮ ಇಷ್ಟ, ಪತ್ರವೂ ಸಿಂಧು. ನಾಲ್ಕು ಹಾಕಿದರೆ ಮಾತ್ರ ಇಡೀ ಪತ್ರ ಕಸದ ಬುಟ್ಟಿಗೆ.

ಹೀಗೆ ವಾರ್ಡಿಗೆ ಒಂದೆರಡು ಸೀಟು ಆಚೀಚೆಯಾಗಿಯೇ ಅಧಿಕಾರ ಕೈ ಬದಲಾಯಿಸುವುದು. ಲಂಡನ್ನಿನ ವಾಂಡ್ಸ್‌ವರ್ತ್ ಬರೋದಲ್ಲಿ 58 ಸೀಟು, ಬಹುಮತಕ್ಕೆ 30. 1978ರಿಂದ ಕನ್ಸರ್ವೇಟಿವ್ ಕೈಯಲ್ಲಿದ್ದ ಆ ಕೌನ್ಸಿಲ್ 2022ರ ಮೇ 5ರಂದು ಲೇಬರ್ ಪಾಲಾಯಿತು: ಲೇಬರ್ 35, ಕನ್ಸರ್ವೇಟಿವ್ 22, ಒಬ್ಬ ಪಕ್ಷೇತರ. ಅದೇ ದಿನ ಇನ್ನೊಂದು ಬರೋ ಹ್ಯಾರೋದಲ್ಲಿ ಗಾಳಿ ಉಲ್ಟಾ ಬೀಸಿ, ಕನ್ಸರ್ವೇಟಿವ್ 31, ಲೇಬರ್ 24.

ಗೆದ್ದ ಮರುದಿನವೇ ಕೌನ್ಸಿಲ್ ಟ್ಯಾಕ್ಸ್ (ಮನೆಗಳ ಮೇಲಿನ ಸ್ಥಳೀಯ ತೆರಿಗೆ) ಇಳಿಯುತ್ತದೆ ಎಂದು ಕಾಯಬೇಡಿ. ಆ ವರ್ಷದ ದರವನ್ನು ಹಳೆಯ ಆಡಳಿತ ಫೆಬ್ರವರಿ-ಮಾರ್ಚ್‌ನಲ್ಲೇ ಗೊತ್ತುಮಾಡಿರುತ್ತದೆ. ಹೊಸ ನಾಯಕರ ಆಯ್ಕೆ ಆಗುವುದೇ ಮೇ ತಿಂಗಳ ವಾರ್ಷಿಕ ಸಭೆಯಲ್ಲಿ.

ಮತಗಟ್ಟೆಗೆ ಪಾಸ್‌ಪೋರ್ಟ್ ಒಯ್ಯಿರಿ. ಆಧಾರ್, ಪ್ಯಾನ್ ನಡೆಯುವುದಿಲ್ಲ. ಮಾರ್ಕು ತಪ್ಪಿ ಬಿದ್ದರೆ ಗೀಚಿ ಸರಿಮಾಡಲು ಹೋಗದೆ, ಪತ್ರವನ್ನು ಅಧಿಕಾರಿಗೆ ಕೊಟ್ಟು ಹೊಸದು ಕೇಳಿ. ಪೆಟ್ಟಿಗೆಗೆ ಹಾಕಿದ ಮೇಲೆ ಕೇಳಿದರೆ ಸಿಗದು.