ಪದ ಪರಿಚಯ: ಅಟ್ರಿಷನ್

ಕಂಪನಿ ಬಿಟ್ಟು ಹೋಗುವವರ ಪ್ರಮಾಣಕ್ಕೆ ನಮ್ಮಲ್ಲಿ ಎಲ್ಲರೂ ಬಳಸುವ ಪದ ಅಟ್ರಿಷನ್. ಪದದ ಮೂಲ ಅರ್ಥ ಉಜ್ಜಿ ಉಜ್ಜಿ ಸವೆಯುವುದು. ಕನ್ನಡದಲ್ಲಿ ಸವಕಳಿ ಅನ್ನಬಹುದಿತ್ತು, ಆದರೆ ಆ ಪದವನ್ನು ಲೆಕ್ಕಪತ್ರದವರು ಯಂತ್ರದ ಬೆಲೆ ಇಳಿಯುವುದಕ್ಕೆ ಮೊದಲೇ ತೆಗೆದುಕೊಂಡಿದ್ದಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ, ಬಿಟ್ಟವರ ಜಾಗ ಭರ್ತಿಯಾಗದೆ ಸಂಖ್ಯೆ ತಾನಾಗಿ ಕರಗಿದರೆ ಅದು ಅಟ್ರಿಷನ್. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬಂದು ಕೂತರೆ ಅದು ಟರ್ನ್‌ಓವರ್. ಭಾರತದಲ್ಲಿ ಎರಡಕ್ಕೂ ಅಟ್ರಿಷನ್ ಎಂದೇ ಹೇಳುವುದು ರೂಢಿ, ಇಲ್ಲೂ ಹಾಗೇ ಬಳಸಿದೆ.

ಲೆಕ್ಕ ಸರಳ. ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಏಪ್ರಿಲ್ 1ಕ್ಕೆ 400 ಜನ, ಮುಂದಿನ ಮಾರ್ಚ್ 31ಕ್ಕೆ 440 ಜನ ಇದ್ದರೆ ಸರಾಸರಿ 420. ನಡುವೆ 63 ಜನ ಬಿಟ್ಟಿದ್ದರೆ ಅಟ್ರಿಷನ್ ಶೇ. 15. ಎಡವಟ್ಟಾಗುವುದು ಈ ಅಂಕಿಯನ್ನು ಓದುವಾಗ.

ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ 1,000 ಟೇಲರ್‌ಗಳಿದ್ದಾರೆ, ತಿಂಗಳಿಗೆ 60 ಜನ ಬಿಡುತ್ತಾರೆ, ಅಷ್ಟೇ ಜನ ಸೇರುತ್ತಾರೆ ಅಂದುಕೊಳ್ಳಿ. ವರ್ಷಕ್ಕೆ 720 ಜನ ಹೋದರು, ಅಂದರೆ ಶೇ. 72. ಹಾಗಾದರೆ ಹಳಬರಲ್ಲಿ ಉಳಿದವರು 280 ಜನ ಮಾತ್ರವೇ? ಅಲ್ಲ. ವರ್ಷದ ಮೊದಲ ದಿನ ಇದ್ದ 1,000 ಜನರಲ್ಲಿ 640 ಜನ ಕೊನೆಯ ದಿನವೂ ಅದೇ ಕಾರ್ಖಾನೆಯಲ್ಲಿ ಇರಬಹುದು. ಬಿಟ್ಟ 720ರಲ್ಲಿ 360 ಜನ ಹಳಬರು, ಮಿಕ್ಕ 360 ಜನ ಅದೇ ವರ್ಷ ಬಂದು ಅದೇ ವರ್ಷ ಹೋದವರು. ಒಂದೇ ಮಿಷಿನ್ ಮೂರು ಸಲ ಖಾಲಿಯಾದರೂ ಲೆಕ್ಕದಲ್ಲಿ ಮೂರು ಜನ. ಆದ್ದರಿಂದ ಅಟ್ರಿಷನ್ ದರದ ಪಕ್ಕದಲ್ಲೇ ಉಳಿದವರ ದರವನ್ನೂ ಬರೆಯಬೇಕು. ಈ ಉದಾಹರಣೆಯಲ್ಲಿ ಅದು ಶೇ. 64. ಮೊದಲ ಮೂರು ತಿಂಗಳಲ್ಲಿ ಬಿಟ್ಟವರು, ಒಂದು ವರ್ಷದೊಳಗೆ ಬಿಟ್ಟವರು, ಐದು ವರ್ಷದ ಹತ್ತಿರ ಬಂದು ಬಿಟ್ಟವರು ಎಂದು ಬೇರೆ ಬೇರೆ ಎಣಿಸಿದರಂತೂ ಕಾರಣಗಳು ತಾವಾಗಿ ಕಾಣುತ್ತವೆ. ಯಾಕೆ ಬಿಟ್ಟರು ಎನ್ನುವುದಕ್ಕಿಂತ ಮೊದಲು ಯಾವಾಗ ಬಿಟ್ಟರು ಎಂದು ಕೇಳುವುದೇ ಸರಿಯಾದ ಕ್ರಮ.

ಅಮೆರಿಕದ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ 1913ರ ಅಟ್ರಿಷನ್ ಶೇ. 370. ಅದೇ ವರ್ಷ ಅಲ್ಲಿ ಅಸೆಂಬ್ಲಿ ಲೈನ್ ಬಂದಿತ್ತು. ದಿನವಿಡೀ ಒಂದೇ ಚಲನೆ, ಒಂದೇ ವೇಗ ಜನರಿಗೆ ಸಹಿಸಲಾಗಲಿಲ್ಲ. 1914ರ ಜನವರಿ 5ರಂದು ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಘೋಷಿಸಿ, ಪಾಳಿಯನ್ನು 9 ಗಂಟೆಯಿಂದ 8 ಗಂಟೆಗೆ ಇಳಿಸಿದರು. ಆ ವರ್ಷ ಅಟ್ರಿಷನ್ ಶೇ. 54ಕ್ಕೆ ಬಂತು, 1915ರಲ್ಲಿ ಶೇ. 16ಕ್ಕೆ. ಕೆಲಸದ ಬೇಸರ ಹಾಗೇ ಇತ್ತು. ಆದರೆ ಅಷ್ಟು ಕೂಲಿ ಸುತ್ತಮುತ್ತ ಬೇರೆಲ್ಲೂ ಸಿಗುತ್ತಿರಲಿಲ್ಲ. ಜನ ಕೆಲಸ ಬಿಡಬೇಕಾದರೆ ಎರಡು ಕೂಡಿಬರಬೇಕು: ಇಲ್ಲಿ ಇರಲು ಮನಸ್ಸಿಲ್ಲದಿರುವುದು, ಬೇರೆಡೆ ಸುಲಭವಾಗಿ ಕೆಲಸ ಸಿಗುವುದು. ಒಂದು ತಪ್ಪಿದರೂ ಅವರು ಉಳಿಯುತ್ತಾರೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಎರಡನೆಯದು ಯಾವಾಗಲೂ ಇದ್ದೇ ಇರುತ್ತದೆ. ಸಂಬಳ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುವುದರಿಂದ ಎಂಟು ವರ್ಷದ ಟೇಲರ್‌ಗೂ ನಿನ್ನೆ ಸೇರಿದ ಟೇಲರ್‌ಗೂ ವ್ಯತ್ಯಾಸ ತೀರಾ ಕಡಿಮೆ. ಪಕ್ಕದ ಕಂಪನಿಗೆ ಹೋದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಹಾಗಾಗಿ ಮನೆಗೆ ಹತ್ತಿರವಾಗುತ್ತದೆ, ಕಂಪನಿ ವ್ಯಾನ್ ಬರುತ್ತದೆ, ಮಗುವನ್ನು ಬಿಡಲು ಶಿಶುಪಾಲನಾ ಕೇಂದ್ರ ಇದೆ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುವುದಿಲ್ಲ ಎನ್ನುವಂಥ ಸಂಗತಿಗಳೇ ನಿರ್ಣಾಯಕವಾಗುತ್ತವೆ. ಇವನ್ನು ಸಣ್ಣ ಕಾರಣ ಎಂದು ತಳ್ಳಿಹಾಕುವವರು ಆ ಹೆಣ್ಣುಮಕ್ಕಳ ದಿನ ಎಷ್ಟು ಗಂಟೆಗೆ ಶುರುವಾಗಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ನೋಡಬೇಕು.

ಲೈನಿನೊಳಗೆ ಬಿಡುವಿಕೆ ಹೇಗೆ ಹಬ್ಬುತ್ತದೆ ನೋಡಿ. ಶರ್ಟಿನ ಲೈನಿನಲ್ಲಿ ಕಾಲರ್ ಕೂರಿಸುವುದು ನುರಿತ ಕೈ ಬೇಡುವ ಕೆಲಸ. ಆ ಟೇಲರ್ ಹಬ್ಬಕ್ಕೆ ಊರಿಗೆ ಹೋದವಳು ಬರಲಿಲ್ಲ. ಸೂಪರ್‌ವೈಸರ್ ಸೈಡ್ ಸೀಮ್ ಹೊಲಿಯುವವಳನ್ನು ತಂದು ಅಲ್ಲಿ ಕೂರಿಸುತ್ತಾನೆ. ಕಾಲರ್ ಸೊಟ್ಟಗಾಗುತ್ತದೆ, ಬಿಚ್ಚಿ ಹೊಲಿಯಬೇಕು. ಅವಳ ಹಿಂದೆ ಬಂಡಲ್ ಗುಡ್ಡೆಯಾಗುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ, ಗಂಟೆಗೆ ಇಷ್ಟು ಎಂದು ಬೋರ್ಡಿನಲ್ಲಿ ಬರೆದ ಟಾರ್ಗೆಟ್ ಮಾತ್ರ ಇಳಿಯುವುದಿಲ್ಲ. ಬೈಗುಳ ಜೋರಾಗುತ್ತದೆ, ಊಟದ ಬಿಡುವು ಕಿರಿದಾಗುತ್ತದೆ. ಹದಿನೈದು ದಿನದಲ್ಲಿ ಸೈಡ್ ಸೀಮಿನವಳೂ ಬಿಡುತ್ತಾಳೆ. ದಾಖಲೆಯಲ್ಲಿ ಇಬ್ಬರ ಹೆಸರಿನ ಮುಂದೆಯೂ ‘ವೈಯಕ್ತಿಕ ಕಾರಣ’ ಎಂದಿರುತ್ತದೆ. ಎರಡನೆಯವಳನ್ನು ಕಳಿಸಿದ್ದು ಆ ಟಾರ್ಗೆಟ್. ಮೂರು ದಿನ ಅದನ್ನು ಇಳಿಸಿದ್ದರೆ, ಅಥವಾ ಇನ್ನಿಬ್ಬರಿಗೆ ಮೊದಲೇ ಕಾಲರ್ ಕಲಿಸಿಟ್ಟಿದ್ದರೆ ಅವಳು ಉಳಿಯುತ್ತಿದ್ದಳು.

ಕೆಲಸ ಬೇಡವಾಗಿ ಅಲ್ಲ, ಕೂಡಿಟ್ಟ ಹಣ ಕೈಗೆ ಬರಲಿ ಎಂದು ಬಿಡುವವರೂ ಇದ್ದಾರೆ. ಮಗಳ ಮದುವೆ, ಲೀಸ್ ಮನೆ, ಕೈಸಾಲ ಯಾವುದಕ್ಕಾದರೂ ಗಂಟಿನ ಹಣ ಅಂತ ಇರುವುದು ಪಿಎಫ್ ಒಂದೇ. ಅದನ್ನು ಪೂರ್ತಿ ತೆಗೆಯಬೇಕಾದರೆ ಕೆಲಸದಲ್ಲಿ ಇರಬಾರದು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದರು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹಣ ಅವರಿಗೆ ಎಂಥದ್ದು ಎನ್ನುವುದು ಆ ಎರಡು ದಿನಗಳಲ್ಲಿ ಎಲ್ಲರಿಗೂ ತಿಳಿಯಿತು.

ಆದರೂ ಪಿಎಫ್‌ಗಾಗಿಯೇ ಬಿಡುವ ಮುಂಚೆ ಒಂದು ಮಾತು ತಿಳಿದಿರಲಿ. ಪಿಎಫ್ ಜೊತೆ ಪಿಂಚಣಿ ಭಾಗವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಪಿಂಚಣಿಗೆ ಒಟ್ಟು 10 ವರ್ಷ ಬೇಕು, ಬೇರೆ ಬೇರೆ ಕಂಪನಿಗಳ ಸೇವೆ ಸೇರಿಸಿದರೂ ನಡೆಯುತ್ತದೆ. ನಡುವೆ ತೆಗೆದವರು ಮತ್ತೆ ಸೊನ್ನೆಯಿಂದ ಎಣಿಸಬೇಕು. ಕಾಯಿಲೆ, ಮದುವೆ, ಓದು, ಮನೆಗೆಂದು ಕೆಲಸದಲ್ಲಿದ್ದೇ ಒಂದಷ್ಟು ಭಾಗ ತೆಗೆಯುವ ದಾರಿ ಇದೆ. ಕಂಪನಿ ಬದಲಾಯಿಸುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಗುರುತಿನ ಸಂಖ್ಯೆ) ಕೊಡಬೇಕು. ಆಧಾರಿನಲ್ಲಿರುವ ಹೆಸರಿಗೂ ಪಿಎಫ್ ದಾಖಲೆಯ ಹೆಸರಿಗೂ ಒಂದಕ್ಷರ ಹೊಂದದಿದ್ದರೂ ವರ್ಗಾವಣೆ ನಿಂತುಬಿಡುತ್ತದೆ. ಕಂಪನಿಯವರು ಬಿಟ್ಟ ದಿನಾಂಕ ನಮೂದಿಸದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲಿನಲ್ಲಿ ಹಾಕಬಹುದು.

ಗ್ರಾಚ್ಯುಟಿಯ, ಅಂದರೆ ಐದು ವರ್ಷ ದುಡಿದವರು ಬಿಡುವಾಗ ಕಂಪನಿ ಕೊಡುವ ಗಂಟಿನ ಹಣದ, ಲೆಕ್ಕ ಇನ್ನೂ ಖಡಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 13,000 ರೂಪಾಯಿ ಇದ್ದವರಿಗೆ ವರ್ಷಕ್ಕೆ 7,500, ಆರು ವರ್ಷಕ್ಕೆ 45,000. ಐದು ವರ್ಷ ದಾಟಿದ ಮೇಲೆ ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಪೂರ್ತಿ ವರ್ಷವೆಂದೇ ಲೆಕ್ಕ. ನಾಲ್ಕೂವರೆ ವರ್ಷಕ್ಕೆ ಬಿಟ್ಟರೆ ಕಾಯಂ ಕೆಲಸಗಾರರಿಗೆ ಏನೂ ಇಲ್ಲ. ಈ ಗಡಿಯ ಹತ್ತಿರ ‘ಒಂದು ಸಲ ರಾಜೀನಾಮೆ ಕೊಟ್ಟು ಮತ್ತೆ ಸೇರಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸೇವೆ ಅಲ್ಲಿಗೆ ತುಂಡಾಗುತ್ತದೆ, ಐದು ವರ್ಷ ಮತ್ತೆ ಮೊದಲಿನಿಂದ. ನಾಲ್ಕನೇ ವರ್ಷದ ಕೊನೆಗೆ ಒಟ್ಟೊಟ್ಟಿಗೆ ರಾಜೀನಾಮೆಗಳು ಕಂಡರೆ ಲೆಕ್ಕ ನೋಡುವವರು ಅನುಮಾನಿಸಬೇಕಾದದ್ದೂ ಇದನ್ನೇ. ಬೋನಸ್ ವಿಷಯ ಹಾಗಲ್ಲ: ವರ್ಷದಲ್ಲಿ 30 ದಿನ ದುಡಿದಿದ್ದರೆ, ದೀಪಾವಳಿಗೆ ಮೊದಲೇ ಬಿಟ್ಟಿದ್ದರೂ ಆ ಪಾಲು ಕೇಳಿ ಪಡೆಯಬಹುದು.

ಐಟಿಯಲ್ಲಿ ಅಂಕಿಯ ರೀತಿಯೇ ಬೇರೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಹಿಂದಿನ ಹನ್ನೆರಡು ತಿಂಗಳ ದರ ಕೊಡುತ್ತವೆ. ಇನ್ಫೋಸಿಸ್‌ನಲ್ಲಿ ಸ್ವಂತ ಇಚ್ಛೆಯಿಂದ ಬಿಟ್ಟವರ ದರ 2022ರ ಜೂನ್ ತ್ರೈಮಾಸಿಕಕ್ಕೆ ಶೇ. 28.4 ಇತ್ತು, 2024ರ ಮಾರ್ಚಿಗೆ ಶೇ. 12.6. ಕೋವಿಡ್ ನಂತರ ಎಲ್ಲೆಡೆ ಒಟ್ಟಿಗೆ ಬೇಡಿಕೆ ಬಂದು, ವರ್ಷದ ಹೈಕ್‌ಗಿಂತ ಹೊಸ ಆಫರ್‌ನಲ್ಲೇ ಹೆಚ್ಚು ಸಿಗತೊಡಗಿದಾಗ ಏರಿದ ದರ, ಬೇಡಿಕೆ ತಗ್ಗಿದಾಗ ಇಳಿಯಿತು. ಹನ್ನೆರಡು ತಿಂಗಳ ದರ ನಿಧಾನವಾಗಿ ಅಲುಗುತ್ತದೆ. ನಾಲ್ಕು ತ್ರೈಮಾಸಿಕದಲ್ಲಿ ಕ್ರಮವಾಗಿ ಶೇ. 7, 6, 4, 3 ಬಿಟ್ಟಿದ್ದರೆ ಅದು 20 ತೋರಿಸುತ್ತದೆ, ಕೊನೆಯ ತ್ರೈಮಾಸಿಕವನ್ನು ನಾಲ್ಕರಿಂದ ಗುಣಿಸಿದರೆ 12. ಎರಡೂ ನಿಜ, ಹೋಲಿಸುವಾಗ ಎರಡೂ ಕಡೆ ಒಂದೇ ಕ್ರಮ ಇರಬೇಕು. ನೋಟಿಸ್ ಅವಧಿ 90 ದಿನ ಇರುವಲ್ಲಿ ಇಂದಿನ ರಾಜೀನಾಮೆ ಅಂಕಿಯಲ್ಲಿ ಕಾಣುವುದು ಮೂರು ತಿಂಗಳ ಮೇಲೆ. ಕಂಪನಿಯೇ ಕಳಿಸಿದವರು ಸ್ವಂತ ಇಚ್ಛೆಯ ದರದಲ್ಲಿ ಇರುವುದೇ ಇಲ್ಲ.

ಬಿಟ್ಟ ಕಾರಣ ಕೇಳುವುದಕ್ಕೂ ಹೊತ್ತು ಗೊತ್ತು ಇದೆ. ಸೆಟ್ಲ್‌ಮೆಂಟ್ ಬರಬೇಕಿರುವ ದಿನ ಎಚ್‌ಆರ್ ಎದುರು ಕೂತವರು ಸೂಪರ್‌ವೈಸರ್ ಹೆಸರು ಹೇಳುವುದಿಲ್ಲ. ‘ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಸಾರ್’ ಎನ್ನುತ್ತಾರೆ. ಹಣ ಕೈಸೇರಿ ಎರಡು ಮೂರು ತಿಂಗಳಾದ ಮೇಲೆ, ಆ ಫ್ಲೋರಿಗೆ ಸಂಬಂಧವಿಲ್ಲದವರು ಫೋನ್ ಮಾಡಿ ಕೇಳಿದರೆ ಬೇರೆ ಉತ್ತರ ಬರುತ್ತದೆ. ಇನ್ನೂ ಒಳ್ಳೆಯದೆಂದರೆ ಕೆಲಸದಲ್ಲಿರುವಾಗಲೇ ಕೇಳುವುದು. ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದ ಕೂಡಲೇ ಕೆಲವರಿಗೆ ಹೆಸರಿಲ್ಲದ ಪ್ರಶ್ನಾವಳಿ ಕೊಟ್ಟು ಸಂಬಳ, ಸೂಪರ್‌ವೈಸರ್, ಕೆಲಸದ ಬಗ್ಗೆ ಅಭಿಪ್ರಾಯ ಕೇಳಲಾಯಿತು. ಪ್ರಶ್ನಾವಳಿ ಸಿಕ್ಕವರಲ್ಲಿ ಬಿಡುವ ಪ್ರಮಾಣ ಅದು ಸಿಗದವರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಸಂಬಳ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ.