ಕೌನ್ಸೆಲರ್ ಬಳಿ ಮೊದಲ ಸಲ ಹೋದಾಗ ಏನು ನಡೆಯುತ್ತದೆ?

ಪ್ರಶ್ನೆ: ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ, ಸಣ್ಣ ವಿಷಯಕ್ಕೂ ಗಾಬರಿಯಾಗುತ್ತದೆ. ಸ್ವಂತ ಕ್ಲಿನಿಕ್ ನಡೆಸುವ ಕೌನ್ಸೆಲರ್ ಒಬ್ಬರ ಬಳಿ ಹೋಗಬೇಕೆಂದಿದ್ದೇನೆ. ಅಲ್ಲಿ ಏನೇನು ಕೇಳುತ್ತಾರೆ? ಎಷ್ಟು ಸಲ ಹೋಗಬೇಕಾಗುತ್ತದೆ? ನಾನು ಹೇಳಿದ್ದು ಮನೆಯವರ ಕಿವಿಗೆ ಬೀಳುತ್ತದೆಯೇ?

ಉತ್ತರ: ಮೊದಲ ಭೇಟಿಯಲ್ಲಿ ಪರಿಹಾರ ಸಿಗುವುದಿಲ್ಲ. ಆ ಹೊತ್ತೆಲ್ಲ ನಿಮ್ಮ ಕಥೆ ಕೇಳುವುದಕ್ಕೇ ಹೋಗುತ್ತದೆ. ಇದು ಗೊತ್ತಿಲ್ಲದೆ ಹೋದವರು ‘ಬರೀ ಮಾತಾಡಿಸಿ ದುಡ್ಡು ತೆಗೆದುಕೊಂಡರು’ ಎಂದು ಬೇಸರಪಟ್ಟು ಎರಡನೇ ಸಲಕ್ಕೇ ಬಿಟ್ಟುಬಿಡುತ್ತಾರೆ. ಕೆಲಸ ಶುರುವಾಗುವುದೇ ಅಲ್ಲಿಂದ ಮುಂದೆ.

ಹೋಗುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಒಂದು, ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಡವಡವ, ಕೈ ನಡುಕ, ನಿದ್ದೆಗೇಡು ಬರುತ್ತವೆ. ಅದಕ್ಕೆ ಬೇಕಾದದ್ದು ಬೇರೆ ಚಿಕಿತ್ಸೆ. ಎರಡು, ಕೌನ್ಸೆಲರ್ ಏನು ಓದಿದ್ದಾರೆಂದು ವಿಚಾರಿಸಿ. ಕೆಲವು ದಿನಗಳ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ನೋಂದಣಿ ಇರಲೇಬೇಕು. ಸಂಖ್ಯೆ ಕೇಳಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಮನಶ್ಶಾಸ್ತ್ರದಲ್ಲಿ ಅಥವಾ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಹಿರಿಯರ ಮೇಲ್ವಿಚಾರಣೆಯಲ್ಲಿ ಪಳಗಿದ ಒಳ್ಳೆಯ ಕೌನ್ಸೆಲರ್‌ಗಳೂ ಇದ್ದಾರೆ. ‘ಎಲ್ಲಿ ತರಬೇತಿ ಪಡೆದಿರಿ, ಗಾಬರಿಯ ತೊಂದರೆ ಇರುವವರನ್ನು ನೋಡಿದ್ದೀರಾ’ ಎಂದು ಕೇಳಿದಾಗ ನೇರ ಉತ್ತರ ಬರದಿದ್ದರೆ ಬೇರೊಬ್ಬರನ್ನು ಹುಡುಕಿ. ಮಾತ್ರೆ ಬರೆಯುವ ಅಧಿಕಾರ ಕೌನ್ಸೆಲರ್‌ಗೆ ಇಲ್ಲ. ಅದು ಮನೋವೈದ್ಯರ ಕೆಲಸ.

ಸಮಯ ಗೊತ್ತುಮಾಡುವಾಗಲೇ ಫೋನಿನಲ್ಲಿ ಶುಲ್ಕ, ಅವಧಿ, ರದ್ದು ಮಾಡುವ ನಿಯಮ ಕೇಳಿಕೊಳ್ಳಿ. ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಪೂರ್ತಿ ಶುಲ್ಕ ಕೇಳುವವರು ಹಲವರು. ಬೆಂಗಳೂರಿನಲ್ಲಿ ಭೇಟಿಗೆ 1,500 ರೂಪಾಯಿ ಎಂದರೆ ಅಪರೂಪವಲ್ಲ. ವಾರಕ್ಕೊಮ್ಮೆ ಹೋದರೆ ತಿಂಗಳಿಗೆ 6,000 ಆಗುತ್ತದೆ. ಎರಡು ಮೂರು ತಿಂಗಳು ಇಷ್ಟು ಕೊಡಲು ಆಗುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ, ಕಷ್ಟವಾದರೆ ಹೇಳಿ. ಕಡಿಮೆ ಶುಲ್ಕದ ಕೆಲವು ಭೇಟಿಗಳನ್ನು ಅನೇಕರು ಇಟ್ಟುಕೊಂಡಿರುತ್ತಾರೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಆರೋಗ್ಯ ವಿಮೆಯನ್ನು ನೆಚ್ಚಿಕೊಳ್ಳಬೇಡಿ. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಕಾನೂನು ಹೇಳಿದರೂ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರಷ್ಟೇ ಹಣ ಕೊಡುತ್ತವೆ.

ಭಾಷೆಯ ವಿಷಯವನ್ನೂ ಆ ಫೋನಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ. ನಮ್ಮಲ್ಲಿ ಇದನ್ನು ಬಹಳ ಹಗುರವಾಗಿ ನೋಡುತ್ತಾರೆ. ಬೆಂಗಳೂರಿನ ಅನೇಕ ಕೌನ್ಸೆಲರ್‌ಗಳು ಓದಿದ್ದು, ಕಲಿತದ್ದು ಇಂಗ್ಲಿಷಿನಲ್ಲಿ. ‘ಸ್ವಲ್ಪ ಕನ್ನಡ ಬರುತ್ತೆ’ ಎನ್ನುವವರ ಮುಂದೆ ಅಪ್ಪನ ಮೇಲಿನ ಸಿಟ್ಟು, ಅತ್ತೆ ಮನೆಯ ಉಸಿರುಗಟ್ಟು ಬಿಡಿಸಿ ಹೇಳುವುದು ಕಷ್ಟ. ಪೂರ್ತಿ ಭೇಟಿ ಕನ್ನಡದಲ್ಲೇ ನಡೆಯುತ್ತದೆಯೇ ಎಂದು ಕೇಳಿ. ಒಳಗೆ ಹೋದ ಮೇಲೆ ಸ್ಟ್ರೆಸ್, ಡಿಪ್ರೆಶನ್ ಎಂಬ ಪದಗಳಿಗೆ ತಡಕಾಡಬೇಡಿ. ‘ಎದೆಯ ಮೇಲೆ ಯಾರೋ ಕೂತ ಹಾಗೆ’, ‘ಹೊಟ್ಟೆಯೊಳಗೆ ತಳಮಳ’, ‘ಜೀವ ಹಿಂಡಿದ ಹಾಗೆ’ ಎಂದು ಮನೆಯಲ್ಲಿ ಹೇಳುವಂತೆಯೇ ಹೇಳಿ. ಅದು ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ನಿಮಿಷ ಇರುತ್ತದೆ, ಅದಕ್ಕೆ ಹೆದರಿ ನೀವು ಏನೇನು ಬಿಟ್ಟಿದ್ದೀರಿ, ಬಸ್ಸು ಹತ್ತುವುದೋ ಮದುವೆ ಮನೆಗೆ ಹೋಗುವುದೋ, ಅದನ್ನೂ ಸೇರಿಸಿ. ಕೌನ್ಸೆಲರ್‌ಗೆ ಹಿಡಿದು ಕೆಲಸ ಮಾಡಲು ಬೇಕಾದದ್ದು ಈ ವಿವರಗಳೇ.

ಮೊದಲ ದಿನ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಓದದೆ ಸಹಿ ಹಾಕಬೇಡಿ. ಆಮೇಲೆ ಈಗಲೇ ಯಾಕೆ ಬಂದಿರಿ, ನಿದ್ದೆ, ಹಸಿವು, ಕೆಲಸ ಹೇಗಿವೆ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಕುಡಿತ ಸಿಗರೇಟು ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದೆಲ್ಲ ಕೇಳುತ್ತಾರೆ. ಮಾತ್ರೆಗಳ ಚೀಟಿ ಜೊತೆಗಿರಲಿ. ಹಿಂದಿನ ಎರಡು ವಾರಗಳ ಬಗ್ಗೆ ಪ್ರಶ್ನೆಗಳಿರುವ ಹಾಳೆ ತುಂಬಿಸಬಹುದು: ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ 9 ಪ್ರಶ್ನೆ, ಗಾಬರಿ ಅಳೆಯುವ ಜಿಎಡಿ-7ರಲ್ಲಿ 7. ಅದರ ಅಂಕವೇ ರೋಗನಿರ್ಣಯವಲ್ಲ. ಕೆಲವು ವಾರಗಳ ನಂತರ ಮತ್ತೆ ತುಂಬಿ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ. ‘ಸಾಯಬೇಕು ಅನಿಸಿದೆಯೇ’ ಎಂದೂ ನೇರವಾಗಿ ಕೇಳುತ್ತಾರೆ. ಬೆಚ್ಚಬೇಡಿ, ಇದನ್ನು ಎಲ್ಲರಿಗೂ ಕೇಳುತ್ತಾರೆ. ಹೌದು ಎಂದರೆ ತಕ್ಷಣ ಆಸ್ಪತ್ರೆಗೆ ಸೇರಿಸುತ್ತಾರೆಂಬ ಭಯದಿಂದ ಮುಚ್ಚಿಡಬೇಡಿ. ಆ ಯೋಚನೆ ಎಷ್ಟು ಗಟ್ಟಿಯಾಗಿದೆ ಎಂದು ವಿಚಾರಿಸಿ, ಅದು ಬಂದಾಗ ಯಾರಿಗೆ ಫೋನ್ ಮಾಡಬೇಕು, ಕೈಗೆ ಏನು ಸಿಗದಂತೆ ದೂರ ಇಡಬೇಕು ಎಂಬುದನ್ನು ನಿಮ್ಮ ಜೊತೆ ಕೂತು ಬರೆಯುತ್ತಾರೆ.

ಅಳು ಬಂದರೆ ಬರಲಿ. ಹೊರಗೆ ಬಂದಾಗ ಮನಸ್ಸು ಮೊದಲಿಗಿಂತ ಭಾರವಾಗಿರುವುದೂ ಉಂಟು, ಹಾಗಾಗಿ ಆಮೇಲಿನ ಒಂದು ಗಂಟೆಗೆ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ.

ಗುಟ್ಟಿನ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ನಿಮ್ಮ ಹಕ್ಕೆಂದು ಹೇಳುತ್ತದೆ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಅದಕ್ಕೆ ವಿನಾಯಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಶುಲ್ಕ ಕೊಡುವವರು ಗಂಡನೋ ಅಪ್ಪನೋ ಆಗಿದ್ದರೆ, ಅವರು ಕೌನ್ಸೆಲರ್‌ಗೆ ಫೋನ್ ಮಾಡಿ ಕೇಳಿದರೆ ಏನು ಹೇಳಬೇಕೆಂದು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ನಿಜವಾಗಿ ಗುಟ್ಟು ಬಯಲಾಗುವುದು ಬೇರೆ ದಾರಿಗಳಲ್ಲಿ: ಮನೆಯವರೂ ನೋಡುವ ಫೋನಿಗೆ ಬಂದ ವಾಟ್ಸಾಪ್ ಸಂದೇಶ, ಯುಪಿಐ ಪಟ್ಟಿಯಲ್ಲಿ ಕಾಣುವ ಕ್ಲಿನಿಕ್ ಹೆಸರು, ಆನ್‌ಲೈನ್ ಭೇಟಿಯ ವೇಳೆ ಪಕ್ಕದ ಕೋಣೆಗೆ ಕೇಳಿಸುವ ಮಾತು. ಇಯರ್‌ಫೋನ್ ಹಾಕಿದರೆ ಕೌನ್ಸೆಲರ್ ದನಿ ಹೊರಗೆ ಕೇಳಿಸುವುದಿಲ್ಲ, ನಿಮ್ಮದು ಕೇಳಿಸುತ್ತಲೇ ಇರುತ್ತದೆ. ಮನೆಯಲ್ಲಿ ಏಕಾಂತವಿಲ್ಲದಿದ್ದರೆ ಕ್ಲಿನಿಕ್ಕಿಗೇ ಹೋಗುವುದು ವಾಸಿ.

ಎಷ್ಟು ಸಲ? ಗಾಬರಿ, ನಿದ್ದೆಗೇಡಿನಂಥ ತೊಂದರೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ, ಪದ್ಧತಿಯಲ್ಲಿ ವಾರಕ್ಕೊಂದರಂತೆ 8ರಿಂದ 20 ಭೇಟಿಗಳು ಸಾಮಾನ್ಯ. ಹಳೆಯ, ಆಳದ ನೋವಿದ್ದರೆ ಹೆಚ್ಚು ಬೇಕಾಗುತ್ತದೆ. ನಡುವೆ ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತಾರೆ: ಗಾಬರಿ ಬಂದ ಹೊತ್ತಿನ ಯೋಚನೆ ಬರೆದಿಡುವುದು, ಬಿಟ್ಟುಬಿಟ್ಟ ಬಸ್ ಪ್ರಯಾಣವನ್ನು ಒಂದೊಂದೇ ಸ್ಟಾಪ್ ಹೆಚ್ಚಿಸುತ್ತ ಮತ್ತೆ ಶುರುಮಾಡುವುದು. ಇದನ್ನು ಮಾಡದೆ ವಾರಕ್ಕೊಂದು ಗಂಟೆ ಮಾತಾಡಿದರೆ ಮುಂದೆ ಸಾಗುವುದು ನಿಧಾನ. ಸ್ವಲ್ಪ ವಾಸಿ ಅನಿಸಿದ ಕೂಡಲೇ ಹೋಗುವುದನ್ನು ನಿಲ್ಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಹೇಳದೆ ನಿಲ್ಲಿಸಬೇಡಿ, ಭೇಟಿಗಳ ನಡುವಿನ ಅಂತರವನ್ನು ಎರಡು ವಾರಕ್ಕೆ, ತಿಂಗಳಿಗೆ ಹೆಚ್ಚಿಸಲು ಕೇಳಿ.

ಮೂರು ನಾಲ್ಕು ಭೇಟಿಯಾದರೂ ಯಾವುದರ ಮೇಲೆ ಕೆಲಸ ನಡೆಯುತ್ತಿದೆ ಎಂದು ನಿಮಗೆ ಹೇಳಲಾಗದಿದ್ದರೆ ಅದನ್ನು ಅವರ ಎದುರಿಗೇ ಹೇಳಿ. ಒಳ್ಳೆಯ ಕೌನ್ಸೆಲರ್ ಮುನಿಸಿಕೊಳ್ಳುವುದಿಲ್ಲ, ದಾರಿ ಬದಲಿಸುತ್ತಾರೆ ಅಥವಾ ಬೇರೆಯವರ ಬಳಿ ಕಳಿಸುತ್ತಾರೆ. ಆದರೆ ಐದು ಸಿಟ್ಟಿಂಗ್‌ನಲ್ಲಿ ಪೂರ್ತಿ ಗುಣ ಎಂದು ಮಾತು ಕೊಡುವುದು, ವಾಪಸಿಲ್ಲದ ದೊಡ್ಡ ಪ್ಯಾಕೇಜಿಗೆ ಮುಂಗಡ ಕೇಳುವುದು, ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎನ್ನುವುದು, ಹೊರಗೆ ಕಾಫಿಗೆ ಕರೆಯುವುದು, ಇವುಗಳಲ್ಲಿ ಒಂದು ಕಂಡರೂ ಎರಡನೇ ಯೋಚನೆ ಮಾಡದೆ ಬಿಡಿ.

ಭೇಟಿಯ ದಿನದವರೆಗೆ ಕಾಯಲಾರದಷ್ಟು ಸಂಕಟವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಖಾಸಗಿ ಶುಲ್ಕ ಕೈಗೆಟುಕದವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಇವೆ. ಕೌನ್ಸೆಲರ್ ಬದಲಿಸುವಾಗ ಹಳಬರಿಂದ ಒಂದು ಪುಟದ ಸಾರಾಂಶ ಕೇಳಿ ಪಡೆಯಿರಿ, ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳುವ ಆಯಾಸ ತಪ್ಪುತ್ತದೆ.