ಹಳೇ ಥರದ ಗೇಮ್‌ಗೆ ಇಷ್ಟು ವರ್ಷ ಯಾಕೆ? ‘ಶವೆಲ್ ನೈಟ್’ ಸಾಗಿದ ದಾರಿ

ಯಾಟ್ ಕ್ಲಬ್ ಗೇಮ್ಸ್ ತಂಡದ ‘ಮೀನಾ ದಿ ಹಾಲೋವರ್’ 2025ರ ಅಕ್ಟೋಬರ್ 31ಕ್ಕೆ ಬರಬೇಕಿತ್ತು. ಅದೇ ತಿಂಗಳ ಮೊದಲಲ್ಲಿ ಬಿಡುಗಡೆ ಮುಂದಕ್ಕೆ ಹೋಯಿತು. ನೋಡೋಕೆ ನಿಂಟೆಂಡೊದ ಹಳೇ ಕೈಯಂತ್ರ ಗೇಮ್ ಬಾಯ್ ಕಲರ್‌ನ ಆಟದ ಹಾಗಿದೆ, ಇದಕ್ಕೆ ಯಾಕಿಷ್ಟು ಸಮಯ ಎಂದು ಹಲವರಿಗೆ ಬೇಸರವಾಯಿತು. ಇದೇ ತಂಡದ ಮೊದಲ ಗೇಮ್, ಸಲಿಕೆ ಹಿಡಿದ ವೀರನ ‘ಶವೆಲ್ ನೈಟ್’ಗೂ ಜನ ಹೀಗೇ ಕಾದಿದ್ದರು. ಆ ಕಥೆ ಗೊತ್ತಿದ್ದರೆ ಇದೂ ಅರ್ಥವಾಗುತ್ತದೆ.

1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಹೊರದೇಶಗಳಲ್ಲಿ ಎನ್‌ಇಎಸ್ ಆಯಿತು, ತೊಂಬತ್ತರ ದಶಕದ ತ್ರೀಡಿ ಗೇಮ್‌ಗಳು ಅದನ್ನು ಮೂಲೆಗೆ ತಳ್ಳಿದವು, ಅದನ್ನು ಆಡಿ ಬೆಳೆದ ಮಕ್ಕಳೇ ಮುಂದೆ ಗೇಮ್ ಮಾಡುವವರಾದರು. ನಮ್ಮ ಮನೆಗಳಿಗೆ ಬಂದಿದ್ದು ಅದರ ನಕಲು, ‘ಟೀವಿ ಗೇಮ್’. ಕ್ಯಾಸೆಟ್ ತೆಗೆದು, ಉಫ್ ಅಂತ ಊದಿ, ಮತ್ತೆ ಸಿಕ್ಕಿಸುತ್ತಿದ್ದೆವಲ್ಲ, ಅದೇ.

2013ರ ಮಾರ್ಚ್‌ನಲ್ಲಿ, ವೇಫಾರ್ವರ್ಡ್ ಎಂಬ ಗೇಮ್ ಕಂಪನಿ ಬಿಟ್ಟು ಬಂದು ಯಾಟ್ ಕ್ಲಬ್ ಕಟ್ಟಿದ ಕೆಲವರು, ಎನ್‌ಇಎಸ್ ಥರದ ‘ಶವೆಲ್ ನೈಟ್’ ಮಾಡೋಕೆ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 75,000 ಡಾಲರ್ ಕೇಳಿದರು. 14,749 ಜನ ಸೇರಿ 3,11,502 ಡಾಲರ್ ಕೊಟ್ಟರು. ಹಣ ಏರಿದಂತೆಲ್ಲ ಭರವಸೆಯೂ ಏರಿತು. ಮೂವರು ಖಳರ ಪಾತ್ರದಲ್ಲೂ ಆಡಬಹುದು, ನಾಲ್ವರು ಒಟ್ಟಿಗೆ ಕಾದಾಡಬಹುದು ಎಂದೆಲ್ಲ ಮಾತು ಕೊಟ್ಟರು. ಅದರ ಖರ್ಚು ಎಷ್ಟಾಗಬಹುದು ಎಂಬ ಅಂದಾಜು ಆಗ ಯಾರಿಗೂ ಇರಲಿಲ್ಲ. ಕೊಟ್ಟವರಿಗೂ, ತಗೊಂಡವರಿಗೂ.

ಸಣ್ಣ ಚಿತ್ರ ಅಂದರೆ ಸಣ್ಣ ಕೆಲಸ ಅನ್ನೋದು ತಪ್ಪು. ಎನ್‌ಇಎಸ್‌ನಲ್ಲಿ ಸಿಗುತ್ತಿದ್ದದ್ದು ಸುಮಾರು 54 ಬಣ್ಣ. ಓಡಾಡುವ ಚಿತ್ರದ ಒಂದು ತುಂಡಿಗೆ ಮೂರೇ ಬಣ್ಣ. ಎನ್‌ಇಎಸ್‌ನ ‘ಮೆಗಾ ಮ್ಯಾನ್’ ಗೇಮ್‌ನ ನಾಯಕನ ಮುಖ ನೆನಪಿದೆಯಾ? ಮೈಗೆ ನೀಲಿ ಬಳಿದ ಮೇಲೆ ಮುಖಕ್ಕೆ ಬಣ್ಣ ಉಳಿಯಲಿಲ್ಲ. ಹಾಗಾಗಿ ಮುಖವನ್ನು ಬೇರೆ ಚಿತ್ರವಾಗಿ ಬರೆದು ಮೇಲೆ ಕೂರಿಸಿದ್ದರು. ಒಂದೇ ಸಾಲಿನಲ್ಲಿ ಎಂಟಕ್ಕಿಂತ ಜಾಸ್ತಿ ತುಂಡು ಬಂದರೆ ಯಂತ್ರ ಅವನ್ನು ತೋರಿಸುತ್ತಲೇ ಇರಲಿಲ್ಲ. ಎದುರಾಳಿಗಳು ಮಿಣ ಮಿಣ ಅನ್ನುತ್ತಿದ್ದದ್ದು ಅದಕ್ಕೇ.

ಶವೆಲ್ ನೈಟ್ ತಂಡ ಇವನ್ನೆಲ್ಲ ಒಂದೊಂದಾಗಿ ತೂಗಿ ನೋಡಿತು. ಮಿಣುಕು ಬೇಡ ಎಂದು ಬಿಟ್ಟಿತು. ಈಗಿನ ಅಗಲ ಟೀವಿಗೆ ಹೊಂದುವಂತೆ ಪರದೆಯನ್ನು 400×240 ಚುಕ್ಕಿಗೆ ಹಿಗ್ಗಿಸಿತು. ಬಣ್ಣದ ಕಟ್ಟುಪಾಡನ್ನು ಮಾತ್ರ ಹೆಚ್ಚುಕಮ್ಮಿ ಹಾಗೇ ಇಟ್ಟುಕೊಂಡು, ಕೆಲವೇ ಬಣ್ಣ ಸೇರಿಸಿತು. ಜೇಕ್ ಕಾಫ್‌ಮನ್ ಸಂಗೀತವನ್ನೂ ಹಳೇ ಕ್ಯಾಸೆಟ್‌ನ ಧ್ವನಿ ಚಿಪ್‌ಗೆ ಒಗ್ಗುವಂತೆಯೇ ಕಟ್ಟಿದರು. ಮೊದಲ ಮೆಗಾ ಮ್ಯಾನ್‌ನ ಸಂಗೀತ ಮಾಡಿದ್ದ ಮನಾಮಿ ಮತ್ಸುಮಾಯೆ ಎರಡು ಟ್ರ್ಯಾಕ್ ಕೊಟ್ಟರು. ಇಷ್ಟು ಚಿಕ್ಕ ಚಿತ್ರದಲ್ಲಿ ಕಣ್ಣಿನ ಜಾಗದ ಒಂದು ಚುಕ್ಕಿ ಆಚೀಚೆ ಆದರೂ ಪಾತ್ರದ ಮುಖಭಾವವೇ ಬದಲಾಗುತ್ತದೆ. ಸಲಿಕೆಯ ಒಂದೊಂದು ಏಟನ್ನೂ ಕೂತು ಕೈಯಲ್ಲೇ ಬರೆಯಬೇಕು.

ಹೀಗೆ 2013ರ ಸೆಪ್ಟೆಂಬರ್ ಎಂದಿದ್ದ ಗೇಮ್ ಬಂದಿದ್ದು 2014ರ ಜೂನ್ 26ಕ್ಕೆ. ಕೂಡಿದ್ದ ಹಣ ಅದಕ್ಕೂ ಮೊದಲೇ ಮುಗಿದಿತ್ತು. ಕೊನೆಯ ಕೆಲವು ತಿಂಗಳು ತಂಡ ಸಂಬಳವಿಲ್ಲದೆ ದುಡಿಯಿತು.

ಗೇಮ್ ಚೆನ್ನಾಗಿ ಮಾರಾಟವಾಯಿತು, ಆದರೆ ಮೂವರು ಖಳರ ಕಥೆಗಳ ಬಗ್ಗೆ ಕೊಟ್ಟ ಮಾತು ಬಾಕಿ ಇತ್ತು. 2015ರ ‘ಪ್ಲೇಗ್ ಆಫ್ ಶ್ಯಾಡೋಸ್’ನಲ್ಲಿ ಹೆಚ್ಚಾಗಿ ಮೊದಲಿನ ಹಂತಗಳೇ, ಆಡುವ ಪಾತ್ರ ಹೊಸದು. 2017ರ ‘ಸ್ಪೆಕ್ಟರ್ ಆಫ್ ಟಾರ್ಮೆಂಟ್’ಗೆ ಹಂತಗಳನ್ನೇ ಹೊಸದಾಗಿ ಕಟ್ಟಿದರು. ಮೂರನೆಯದಾದ ‘ಕಿಂಗ್ ಆಫ್ ಕಾರ್ಡ್ಸ್’ ಒಳಗೆ ಒಂದು ಇಸ್ಪೀಟಿನಂಥ ಆಟವೂ ಸೇರಿಕೊಂಡಿತು. ನಾಲ್ವರ ಕಾದಾಟ ‘ಶೋಡೌನ್’ ಜೊತೆಗೆ ಅದು ಬಂದಾಗ 2019ರ ಡಿಸೆಂಬರ್. ಕಿಕ್‌ಸ್ಟಾರ್ಟರ್ ಶುರುವಾಗಿ ಆರೂಮುಕ್ಕಾಲು ವರ್ಷ ಆಗಿತ್ತು. ಶುರುವಿನಲ್ಲೇ ದುಡ್ಡು ಕೊಟ್ಟವರು ಈ ಮೂರು ಕಥೆಗಳಿಗೆ ಮತ್ತೆ ಒಂದು ಪೈಸೆಯನ್ನೂ ಕೊಡಬೇಕಾಗಲಿಲ್ಲ. ಇದನ್ನು ಬರೀ ‘ತಡ’ ಅಂತ ಕರೆಯೋದು ನ್ಯಾಯ ಅಲ್ಲ, ಅಲ್ವಾ?

ಮೀನಾಗೆ ಕಿಕ್‌ಸ್ಟಾರ್ಟರ್ ತೆರೆದಿದ್ದು 2022ರ ಫೆಬ್ರವರಿಯಲ್ಲಿ. ಈ ಸಲ ಕೂಡಿದ್ದು 12 ಲಕ್ಷ ಡಾಲರ್‌ಗೂ ಜಾಸ್ತಿ. ದುಡ್ಡು ನಾಲ್ಕು ಪಟ್ಟಾದರೂ ಚುಕ್ಕಿ ಇಡುವ ಕೆಲಸ ಮಾತ್ರ ಅದೇ, ಒಂದಾದ ಮೇಲೆ ಒಂದು.